ಸೀರೆ ಉಟ್ಟ ಅಪ್ಪ: ಹಳೆಯ ನಗೆಚಿತ್ರಗಳು ಯಾರನ್ನು ನೋಡಿ ನಗುತ್ತವೆ?

ಆಗುಂಬೆ ಘಾಟಿ ಇಳಿದು, ಹೆಬ್ರಿ, ಹಿರಿಯಡ್ಕ ದಾಟಿ ಮಣಿಪಾಲದ ಕಡೆಗೆ ಬರುವ ರಸ್ತೆಯಲ್ಲಿ ನಮ್ಮ ಪರ್ಕಳ ಸಿಗುತ್ತದೆ. ಘಟ್ಟದ ಮೇಲಿಂದ ಮೊದಲ ಸಲ ಬಂದವರನ್ನು ಇಲ್ಲಿ ಯಾರಾದರೂ "ಒಂದು ಬೊಂಡ ಕುಡಿಯುವನಾ?" ಎಂದು ಕೇಳಿದರೆ ಅವರು ಕಕ್ಕಾಬಿಕ್ಕಿಯಾಗುತ್ತಾರೆ. ಕೇಳಿದವರ ತಲೆಯಲ್ಲಿರುವುದು ಎಳನೀರು, ಕೇಳಿಸಿಕೊಂಡವರ ತಲೆಯಲ್ಲಿರುವುದು ಕುದಿಯುವ ಎಣ್ಣೆಯ ಬಾಣಲೆ. ತುಳುವಿನ ಬೊಂಡಕ್ಕೂ ಬಯಲುಸೀಮೆಯ ಬೋಂಡಕ್ಕೂ ನಡುವೆ ಇರುವುದು ಒಂದು ದೀರ್ಘ ಮಾತ್ರ. ಎಳನೀರು ಕೆತ್ತಿ ಕೈಗೆ ಕೊಟ್ಟ ಮೇಲೆ ಇಬ್ಬರೂ ನಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ.

ಎಲ್ಲ ತಪ್ಪು ತಿಳಿವಳಿಕೆಗಳೂ ಹೀಗೆ ಸುಲಭವಾಗಿ ಮುಗಿಯುವುದಿಲ್ಲ. ನಾನು ಒಂದನೇ ತರಗತಿಯಲ್ಲಿದ್ದಾಗ ಗೋಡೆಯ ಮೇಲೆ ಒಂದು ಚಾರ್ಟ್ ತೂಗುಹಾಕಿದ್ದರು. ಅದರಲ್ಲಿ ಅಪ್ಪ, ಅಮ್ಮ, ಅಜ್ಜ, ಅಜ್ಜಿಯ ಚಿತ್ರಗಳು. ಹೊಸದಾಗಿ ಬಂದಿದ್ದ ಮಾಷ್ಟ್ರು ಘಟ್ಟದ ಮೇಲಿನವರು. ಸೀರೆ ಉಟ್ಟ ಹೆಂಗಸಿನ ಚಿತ್ರದ ಮೇಲೆ ಕೋಲಿಟ್ಟು "ಇದು ಯಾರು?" ಎಂದು ಕೇಳಿದರು. ನಾನು ಮನೆಯ ಮಾತಿನಲ್ಲಿ "ಅಪ್ಪೆ" ಎಂದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಮಾಷ್ಟ್ರಿಗೆ ಕೇಳಿಸಿದ್ದು ಅಪ್ಪ. "ಸೀರೆ ಉಟ್ಟ ಅಪ್ಪನೇನೋ?" ಎಂದರು. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅಪ್ಪೆ ಎಂದರೇನೆಂದು ನನ್ನಷ್ಟೇ ಚೆನ್ನಾಗಿ ಗೊತ್ತಿದ್ದ ತುಳು ಮನೆಯ ಮಕ್ಕಳೂ ನಕ್ಕರು. ನನಗೆ ಇಂದಿಗೂ ನೆನಪಿರುವುದು ಮಾಷ್ಟ್ರ ಮಾತಿಗಿಂತ ಆ ಮಕ್ಕಳ ನಗು.

ಸಂಶೋಧನೆಯ ನೆಪದಲ್ಲಿ ಹಳೆಯ ಹಾಸ್ಯಪತ್ರಿಕೆಗಳ ಪುಟ ತಿರುವುವಾಗಲೆಲ್ಲ ಆ ಚಾರ್ಟ್ ಕಣ್ಣೆದುರು ಬರುತ್ತದೆ. ಅಂದು ತರಗತಿಯಲ್ಲಿದ್ದವು ಮೂರು ಸಂಗತಿಗಳು: ಆಡಿದ ಮಾತು, ಕೇಳಿದ ಕಿವಿ, ನಡುವೆ ಒಂದು ಚಿತ್ರ. ಚಿತ್ರ ಇಲ್ಲದಿದ್ದರೆ ನನ್ನದು ಬರೀ ಒಂದು ತಪ್ಪು ಉತ್ತರವಾಗುತ್ತಿತ್ತು, ನಗೆ ಹುಟ್ಟುತ್ತಿರಲಿಲ್ಲ. ಆದರೆ ನಾನು ಚಿತ್ರವನ್ನು ಸರಿಯಾಗಿಯೇ ನೋಡಿದ್ದೆ ಎನ್ನುವುದಕ್ಕೆ ಸಾಕ್ಷಿಯೂ ಅದೇ ಚಿತ್ರ. ತಪ್ಪು ತಿಳಿವಳಿಕೆಯ ನಗೆಚಿತ್ರಗಳನ್ನು ಬೆಲೆಕಟ್ಟಲು ನನಗೆ ಸಿಕ್ಕ ಒರೆಗಲ್ಲು ಇದು. ಚಿತ್ರ ಸಾಕ್ಷಿಯಾಗಿ ನಿಂತರೆ ನಗೆ ಎರಡೂ ಕಡೆಗೆ ಹಂಚಿಹೋಗುತ್ತದೆ. ಚಿತ್ರವೇ ಒಂದು ಪಕ್ಷ ಸೇರಿಬಿಟ್ಟರೆ ಅದು ಗೇಲಿಯಾಗುತ್ತದೆ.

ಮಾತಿನ ಹಂಗಿಲ್ಲದೆ ಕಣ್ಣನ್ನೇ ಗೊಂದಲಕ್ಕೆ ಕೆಡವುವ ಚಿತ್ರಗಳನ್ನು ಮೊದಲು ನೋಡೋಣ. ಇಂಗ್ಲೆಂಡಿನ ವಿಲಿಯಂ ಹೊಗಾರ್ತ್ 1754ರಲ್ಲಿ, ದೂರ-ಹತ್ತಿರಗಳನ್ನು ಚಿತ್ರಿಸುವ ವಿಧಾನ ಕಲಿಸುವ ಪುಸ್ತಕವೊಂದಕ್ಕೆ ಮುಖಚಿತ್ರ ಬರೆದುಕೊಟ್ಟ. ಬೇಕೆಂದೇ ಎಲ್ಲ ತಪ್ಪುಗಳನ್ನೂ ಅದರಲ್ಲಿ ತುಂಬಿದ. ಕಿಟಕಿಯಿಂದ ಬಗ್ಗಿದ ಹೆಂಗಸೊಬ್ಬಳು ದೂರದ ಗುಡ್ಡದ ಮೇಲಿರುವವನ ಚಿಲುಮೆಗೆ ಇಲ್ಲಿಂದಲೇ ಮೇಣದಬತ್ತಿಯ ಬೆಂಕಿ ತಾಗಿಸುತ್ತಾಳೆ. ಕುರಿಗಳು ದೂರ ಹೋದಷ್ಟೂ ದೊಡ್ಡದಾಗುತ್ತವೆ. ಮೊದಲ ನೋಟಕ್ಕೆ ಎಲ್ಲ ಸರಿಯಾಗಿಯೇ ಇದೆ ಎನಿಸುತ್ತದೆ, ಎರಡನೇ ನೋಟಕ್ಕೆ ನಗು ಬರುತ್ತದೆ. 1892ರಲ್ಲಿ ಮ್ಯೂನಿಕ್ಕಿನ ಹಾಸ್ಯಪತ್ರಿಕೆ 'ಫ್ಲೀಗೆಂಡೆ ಬ್ಲೆಟರ್' ಒಂದು ತಲೆಯ ಚಿತ್ರ ಅಚ್ಚು ಹಾಕಿತು. ಒಂದು ರೀತಿ ನೋಡಿದರೆ ಬಾತುಕೋಳಿ, ಇನ್ನೊಂದು ರೀತಿ ನೋಡಿದರೆ ಮೊಲ. ಕೊಕ್ಕೇ ಕಿವಿ, ಕಿವಿಯೇ ಕೊಕ್ಕು. ಮನೋವಿಜ್ಞಾನಿಗಳೂ ಮುಂದೆ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕೂಡ ತಲೆಕೆಡಿಸಿಕೊಂಡ ಈ ಚಿತ್ರ ಹುಟ್ಟಿದ್ದು ನಗೆಯ ಪುಟದಲ್ಲಿ. ಇಂಥ ಚಿತ್ರಗಳಲ್ಲಿ ಮೋಸಹೋಗುವವರು ಚಿತ್ರದೊಳಗಿನವರಲ್ಲ, ನೋಡುವ ನಾವೇ. ನಮ್ಮನ್ನು ನೋಡಿ ನಾವೇ ನಗುವುದರಿಂದ ಯಾರಿಗೂ ನೋವಿಲ್ಲ.

ಚಿತ್ರದ ಕೆಳಗೆ ಮಾತು ಬಂದು ಕೂತಾಗ ಲೆಕ್ಕ ಬದಲಾಗುತ್ತದೆ. 1841ರಲ್ಲಿ ಲಂಡನ್ನಿನಲ್ಲಿ ಶುರುವಾದ 'ಪಂಚ್' ಪತ್ರಿಕೆಯ ಹಳೆಯ ಚಿತ್ರಗಳ ಅಡಿಯಲ್ಲಿ ಇಬ್ಬರ ಸಂಭಾಷಣೆ ನಾಲ್ಕಾರು ಸಾಲು ನಡೆಯುತ್ತದೆ. ಯಜಮಾನಿ ಒಂದು ಹೇಳುತ್ತಾಳೆ, ಆಳು ಇನ್ನೊಂದು ತಿಳಿಯುತ್ತಾನೆ. ಪಟ್ಟಣದವನು ಕೇಳುತ್ತಾನೆ, ಹಳ್ಳಿಯವನು ಅಡ್ಡ ಉತ್ತರ ಕೊಡುತ್ತಾನೆ. ಮಾತಿನಲ್ಲಿ ಇಬ್ಬರೂ ಸಮವಾಗಿ ಎಡವಿದಂತೆ ಕಂಡರೂ, ಚಿತ್ರಕಾರ ಯಾರ ಬಾಯಿಯನ್ನು ದೊಡ್ಡದು ಮಾಡಿದ, ಯಾರ ಬೆನ್ನನ್ನು ಬಾಗಿಸಿದ ಎಂದು ನೋಡಿದರೆ ತೀರ್ಪು ಮೊದಲೇ ಆಗಿಹೋಗಿರುವುದು ಕಾಣುತ್ತದೆ. ಇದೇ 'ಪಂಚ್'ನಲ್ಲಿ 1890ರ ದಶಕದಲ್ಲಿ ಎಫ್. ಆನ್‌ಸ್ಟಿ ಎಂಬ ಲೇಖಕ ಜಬರ್‌ಜೀ ಎಂಬ ಬಂಗಾಳಿ ಬಿ.ಎ. ಪದವೀಧರನನ್ನು ಸೃಷ್ಟಿಸಿದ. ಕಾನೂನು ಓದಲು ಲಂಡನ್ನಿಗೆ ಹೋದ ಇವನು ಆಡುವ ಅಲಂಕಾರದ ಇಂಗ್ಲಿಷೇ ಅಲ್ಲಿ ನಗೆಯ ಸರಕು. 1897ರಲ್ಲಿ ಅದು ಬರ್ನಾರ್ಡ್ ಪಾರ್ಟ್ರಿಜ್‌ನ ಚಿತ್ರಗಳೊಂದಿಗೆ ಪುಸ್ತಕವಾಯಿತು. ತನ್ನದಲ್ಲದ ನುಡಿಯೊಂದನ್ನು ಕಲಿತು ಅದರಲ್ಲೇ ಪುಟಗಟ್ಟಲೆ ಬರೆಯಬಲ್ಲವನು ಅಲ್ಲಿ ದಡ್ಡ, ಇವನ ನುಡಿಯ ಒಂದಕ್ಷರವೂ ಬಾರದ ಓದುಗ ಜಾಣ! ಸೀರೆ ಉಟ್ಟ ಅಪ್ಪನ ಕಥೆಯೇ ಇದು, ತರಗತಿ ಮಾತ್ರ ದೊಡ್ಡದು.

ಇನ್ನು ಮೈಸೂರಿಗೆ ಬರೋಣ. 1921ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅಕ್ಷರ ಕಲಿಯುವ ಮೊದಲೇ ಮನೆಗೆ ಬರುತ್ತಿದ್ದ 'ಪಂಚ್', 'ಸ್ಟ್ರ್ಯಾಂಡ್'ನಂಥ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗುತ್ತಿದ್ದರು. ಈ ಸಣ್ಣ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಡಿಬರಹ ಓದಲು ಬಾರದ ಹುಡುಗನಿಗೆ ಯಾರು ಜಾಣ, ಯಾರು ಪೆದ್ದ ಎಂದು ಯಾರೂ ಹೇಳಿಕೊಟ್ಟಿಲ್ಲ. ಅವನ ಮುಂದೆ ಇರುವುದು ಇಬ್ಬರು ಮನುಷ್ಯರು, ಅವರ ನಿಲುವು, ಅವರ ಕಣ್ಣು. 'ಪಂಚ್'ನ ಗೆರೆ ಕಲಿತೂ ಅದರ ಗರ್ವ ಅಂಟಿಸಿಕೊಳ್ಳದಿರಲು ಇದೂ ಒಂದು ಕಾರಣವಿರಬಹುದೇ ಎಂದು ನಾನು ಯೋಚಿಸಿದ್ದುಂಟು.

ಲಕ್ಷ್ಮಣ್ ಅವರ ಆರಂಭದ ಚಿತ್ರಗಳಿಗೆ ಜಾಗ ಕೊಟ್ಟದ್ದು ಕನ್ನಡದ 'ಕೊರವಂಜಿ'. ವೃತ್ತಿಯಿಂದ ವೈದ್ಯರಾಗಿದ್ದ ರಾಶಿ, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಆರಂಭಿಸಿದ ಈ ಹಾಸ್ಯ ಮಾಸಪತ್ರಿಕೆ 1967ರವರೆಗೆ ನಡೆಯಿತು. ಹೆಸರೇ ಒಂದು ಚಿತ್ರ. ಬುಟ್ಟಿ ಹೊತ್ತು ಬಂದು ಕೈ ನೋಡಿ ಕಣಿ ಹೇಳುವ ಕೊರವಂಜಿಯ ಮಾತಿಗೆ ಯಾವಾಗಲೂ ಎರಡು ಅರ್ಥ, ಕೇಳುವವರು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಈ ಪತ್ರಿಕೆಯ ಬೆನ್ನೆಲುಬಾಗಿದ್ದ ನಾ. ಕಸ್ತೂರಿ 'ಅನರ್ಥಕೋಶ' ಬರೆದವರು. ಪದಗಳಿಗೆ ಬೇಕೆಂದೇ ತಪ್ಪು ಅರ್ಥ ಕೊಡುವ ನಿಘಂಟು ಅದು. ಕಸ್ತೂರಿಯವರು ಹುಟ್ಟಿದ್ದು ಇಂದಿನ ಕೇರಳದಲ್ಲಿ, ಕನ್ನಡ ಅವರು ಬೆಳೆದ ಮೇಲೆ ಕಲಿತ ನುಡಿ. ಕನ್ನಡದ ಪದಗಳು ಎಲ್ಲೆಲ್ಲಿ ಜಾರುತ್ತವೆ ಎಂಬುದು ಹೊರಗಿನಿಂದ ಬಂದು ಒಂದೊಂದೇ ಪದವನ್ನು ಹಿಡಿದವರಿಗೆ ಚೆನ್ನಾಗಿ ಕಂಡಿತೇನೋ. ಲಂಡನ್ನಿನಲ್ಲಿ ನಗೆಗೀಡಾದ ಜಬರ್‌ಜೀಯ ಸ್ಥಾನದಲ್ಲೇ ನಿಂತವರೊಬ್ಬರು ಕನ್ನಡದಲ್ಲಿ ನಗಿಸುವವರಾದರು. ಎರಡು ಪತ್ರಿಕೆಗಳ ನಡುವಿನ ಅಂತರ ಅಳೆಯಲು ನನಗೆ ಇಷ್ಟು ಸಾಕು.

ಹಾಗೆಂದು ನಮ್ಮ ಹಳೆಯ ನಗೆಚಿತ್ರಗಳೆಲ್ಲ ಹಾಲಿನಲ್ಲಿ ತೊಳೆದವು ಎಂದು ನಾನು ವಾದಿಸುವುದಿಲ್ಲ. ಕಿವಿ ಕೇಳದ ಅಜ್ಜ, ಪೇಟೆಗೆ ಬಂದ ಹಳ್ಳಿಗ, ಲಟ್ಟಣಿಗೆ ಹಿಡಿದ ಹೆಂಡತಿ ಎಷ್ಟು ವರ್ಷ ಪುಟ ತುಂಬಿಸಿದ್ದಾರೋ! ಅಜ್ಜನ ಕಿವಿಯಲ್ಲಿ ಆ ಮಾತು ಹೇಗೆ ಕೇಳಿಸಿತು ಎಂದು ತೋರಿಸುವ ಗೋಜಿಗೆ ಚಿತ್ರಕಾರ ಹೋಗುವುದಿಲ್ಲ, ಅವನ ಬಾಯಿ ತೆರೆದಿಟ್ಟರೆ ಕೆಲಸ ಮುಗಿಯಿತು. 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮ ಬರೆಯತೊಡಗಿದ್ದರ ಮಹತ್ವ ಇಲ್ಲೇ ಇದೆ. ಅಲ್ಲಿಯವರೆಗೆ ಗಂಡಸರ ನಗೆಯ ಚೌಕಟ್ಟಿನೊಳಗೆ ನಿಂತಿದ್ದ ಮನೆಯಾಕೆ ಈಗ ತಾನೇ ಮನೆಯ ಕಥೆ ಹೇಳತೊಡಗಿದಳು.

ಈ ದಾರಿಯ ಕೊನೆಗೆ ನನಗೆ ಸಿಗುವುದು ಲಕ್ಷ್ಮಣ್ ಅವರ ಅಣ್ಣ ಆರ್.ಕೆ. ನಾರಾಯಣ್ ಅವರ 'ಎ ಹಾರ್ಸ್ ಅಂಡ್ ಟೂ ಗೋಟ್ಸ್'. 1970ರಲ್ಲಿ ಇದೇ ಹೆಸರಿನ ಸಂಕಲನ ತಮ್ಮನ ಚಿತ್ರಗಳೊಂದಿಗೆ ಬಂತು. ಎರಡು ಆಡುಗಳಿಗೆ ಒಡೆಯನಾದ ಮುದುಕ ಮುನಿ ಊರ ಹೊರಗಿನ ಮಣ್ಣಿನ ಕುದುರೆಯ ಬುಡದಲ್ಲಿ ಕೂತಿದ್ದಾನೆ. ಅಮೆರಿಕದವನೊಬ್ಬ ಬಂದು ಕುದುರೆಗೆ ಬೆಲೆ ಕಟ್ಟುತ್ತಾನೆ. ಮುನಿಗೆ ತಮಿಳು ಬಿಟ್ಟರೆ ಬೇರೆ ತಿಳಿಯದು, ಅವನಿಗೆ ತಮಿಳು ತಿಳಿಯದು. ನೂರು ರೂಪಾಯಿ ಕೈ ಬದಲಾಗುತ್ತದೆ. ಒಬ್ಬ ಕುದುರೆ ಕೊಂಡೆ ಎಂದುಕೊಳ್ಳುತ್ತಾನೆ, ಇನ್ನೊಬ್ಬ ಆಡು ಮಾರಿದೆ ಎಂದುಕೊಳ್ಳುತ್ತಾನೆ. ಇಲ್ಲಿ ಯಾರು ಪೆದ್ದ? ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಪ್ರಾಮಾಣಿಕರು, ಇಬ್ಬರೂ ಖುಷಿಯಲ್ಲಿ ಹೊರಡುತ್ತಾರೆ. ನಡುವೆ ಕುದುರೆ ನಿಂತಿದೆ, ಆಡುಗಳು ಮೇಯುತ್ತಿವೆ. ಇಡೀ ಕಥೆ ಒಂದು ನಗೆಚಿತ್ರದ ಹಾಗೆ ಜೋಡಣೆಯಾಗಿದೆ, ಎರಡು ಮನಸ್ಸುಗಳಲ್ಲಿರುವ ಎರಡೂ ವಸ್ತುಗಳು ಒಂದೇ ಚೌಕಟ್ಟಿನಲ್ಲಿವೆ. ಆದರೆ ನಾರಾಯಣ್ ನಗೆಯನ್ನು ಅಲ್ಲಿಗೇ ಬಿಡುವುದಿಲ್ಲ. ಮಾರಿದ ಆಡುಗಳು ಸಂಜೆ ಮನೆಗೆ ಬಂದಾಗ ಹೆಂಡತಿ ಮುನಿಯನ್ನು ಕಳ್ಳನೆಂದೇ ಶಂಕಿಸುತ್ತಾಳೆ. ತಪ್ಪು ತಿಳಿವಳಿಕೆಯ ಬಿಲ್ಲು ಕೊನೆಗೆ ಬಡವನ ಮನೆಗೇ ಬರುತ್ತದೆ. ನಗುತ್ತಿದ್ದ ಓದುಗನಿಗೆ ಇದು ಗೊತ್ತಾಗುವಂತೆ ಬರೆದದ್ದು ನಾರಾಯಣ್ ಅವರ ದೊಡ್ಡತನ.

1951ರಿಂದ ಪತ್ರಿಕೆಯ ಮುಖಪುಟದಲ್ಲಿ ನಿಂತ ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನನ್ನೂ ನಾನು ಹೀಗೇ ಓದುತ್ತೇನೆ. ಚೌಕಳಿ ಕೋಟು, ಪಂಚೆ ಉಟ್ಟ ಆ ಮನುಷ್ಯ ಬಾಯಿ ಬಿಡುವುದಿಲ್ಲ. ಮಂತ್ರಿ ಒಂದು ಹೇಳುತ್ತಾನೆ, ಅಧಿಕಾರಿ ಇನ್ನೊಂದು ತಿಳಿಯುತ್ತಾನೆ, ಇವನು ಎರಡನ್ನೂ ನೋಡುತ್ತಾನೆ. ಚಿತ್ರವೇ ಸಾಕ್ಷಿ ಎಂದೆನಲ್ಲ, ಇಲ್ಲಿ ಸಾಕ್ಷಿಗೆ ಒಂದು ಮುಖ ಬಂದಿದೆ.

ಇಂದು ಹಳೆಯ ಚಿತ್ರಗಳು ಅಡಿಬರಹ ಕಳಚಿಕೊಂಡು, ಹೊಸ ಮಾತು ಅಂಟಿಸಿಕೊಂಡು ನಮ್ಮ ಫೋನುಗಳಿಗೆ ಬರುತ್ತವೆ. ಹಳೆಯದೆಂಬ ಕಾರಣಕ್ಕೇ ಅವು ಮುದ್ದಾಗಿ ಕಾಣುತ್ತವೆ. ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಚಿತ್ರದಲ್ಲಿ ತಪ್ಪು ತಿಳಿದುಕೊಂಡವನು ನಮ್ಮ ಪಕ್ಕದಲ್ಲೇ ಕೂತು ಇದನ್ನು ನೋಡಿದರೆ, ಅವನೂ ನಗುತ್ತಾನೆಯೇ?

ಆ ಮಾಷ್ಟ್ರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯಾರೋ ಅವರಿಗೆ ಅಪ್ಪೆ, ಅಮ್ಮೆಯ ಸಂಗತಿ ತಿಳಿಸಿದ್ದರು. ತುಳು ಕಲಿಯುವ ಹುಮ್ಮಸ್ಸೂ ಅವರಿಗೆ ಬಂದಿತ್ತು. ಕೆಲವು ತಿಂಗಳ ಬಳಿಕ ಒಬ್ಬ ಹುಡುಗನಿಗೆ, ಯಾವುದು ಯಾವುದೆಂದು ಮರೆತು, "ನಾಳೆ ನಿನ್ನ ಅಮ್ಮೆಯನ್ನು ಕರೆದುಕೊಂಡು ಬಾ, ಅವರ ಹತ್ತಿರ ಮಾತಾಡಬೇಕು" ಎಂದರು. ಮರುದಿನ ಕೆಲಸಕ್ಕೆ ರಜೆ ಹಾಕಿ ಅವನ ತಂದೆ ಬಂದು ಬಾಗಿಲಲ್ಲಿ ನಿಂತರು. ಮಾಷ್ಟ್ರು ಅವರನ್ನು ನೋಡಿದರು, ಗೋಡೆಯ ಚಾರ್ಟ್ ನೋಡಿದರು, ನಮ್ಮನ್ನು ನೋಡಿದರು. ಮೊದಲು ನಕ್ಕವರು ಅವರೇ. ಆ ದಿನ ನಾನೂ ನಕ್ಕೆ.