ಬಿಚ್ಚಲು ಬರುವ ಬೋಲ್ಟು

ಆಯುಧಪೂಜೆಯ ದಿನ ತೊಳೆದು, ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟರೆ ಎಂಥ ಬೈಕೂ ಹೊಸದರಂತೆ ಕಾಣುತ್ತದೆ. ಮಳೆಗಾಲದ ನಿಜವಾದ ಲೆಕ್ಕ ಸಿಗಬೇಕಾದರೆ ಬಗ್ಗಿ ನೋಡಬೇಕು. ಟ್ಯಾಂಕಿನ ಬಣ್ಣ ಹಾಗೇ ಇರುತ್ತದೆ. ನಂಬರ್ ಪ್ಲೇಟಿನ ಸ್ಕ್ರೂ ಕೆಂಪಗಾಗಿರುತ್ತದೆ, ಮಡ್‌ಗಾರ್ಡಿನ ನಟ್ಟು ಪುಡಿಯುದುರಿಸುತ್ತಿರುತ್ತದೆ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಎರಡು ಪುಟ್ಟ ಸ್ಕ್ರೂಗಳು ಸ್ಕ್ರೂಡ್ರೈವರಿಗೆ ಜಗ್ಗದಷ್ಟು ಕಚ್ಚಿಕೊಂಡಿರುತ್ತವೆ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಆ ಹೆದ್ದಾರಿಯಲ್ಲಿ ದಿನವೂ ಓಡಾಡುವ ಬೈಕಿಗೆ ಈ ಸ್ಥಿತಿ ಬರಲು ಒಂದೆರಡು ಮಳೆಗಾಲ ಸಾಕು.

ಇದಕ್ಕೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ‘ಎಸ್‌ಎಸ್ ಹಾಕಿಸಿಬಿಡಿ ಸಾರ್.’ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳು ಬಿಡಿಯಾಗಿ ಸಿಗುತ್ತವೆ; ಇಡೀ ಎಂಜಿನ್ನಿಗೆ ಬೇಕಾದ್ದನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವವರೂ ಇದ್ದಾರೆ. ನಾನೂ ಎಸ್‌ಎಸ್ ಪಕ್ಷದವನೇ, ಆದರೆ ಹೊಳಪಿಗಾಗಿ ಆ ಪಕ್ಷ ಸೇರಿದವನಲ್ಲ. ಬಿಗಿದ ದಿನ ಎಲ್ಲ ಬೋಲ್ಟುಗಳೂ ಒಳ್ಳೆಯವೇ. ಐದಾರು ವರ್ಷ ಕಳೆದು ಕ್ಲಚ್ ಪ್ಲೇಟ್ ಬದಲಿಸಲೆಂದು ಮುಚ್ಚಳ ತೆಗೆಯುವಾಗ ತಲೆ ಮುರಿಯದೆ, ಥ್ರೆಡ್ ಕಿತ್ತು ತರದೆ ಹೊರಬಂದರೆ ಆ ಬೋಲ್ಟು ಗೆದ್ದಿತು. ಈ ಪರೀಕ್ಷೆಯಲ್ಲಿ ಸ್ಟೇನ್‌ಲೆಸ್ ಗೆಲ್ಲುವುದೂ ಉಂಟು, ಹೀನಾಯವಾಗಿ ಸೋಲುವುದೂ ಉಂಟು.

ಕಾರ್ಖಾನೆಯವರು ಹಾಕಿ ಕಳಿಸಿದ ಬೋಲ್ಟನ್ನು ಬೈಯುವ ಮೊದಲು ಅದರ ಜಾತಕ ನೋಡೋಣ. ಅದು ಸಾಮಾನ್ಯ ಉಕ್ಕು, ಮೇಲೆ ಕೆಲವೇ ಮೈಕ್ರಾನ್ ದಪ್ಪದ ಸತುವಿನ ಲೇಪ. ಉಕ್ಕನ್ನು ಕಾಯುತ್ತ ತಾನು ಸವೆಯುವುದು ಸತುವಿನ ಧರ್ಮ. ಮೊದಲು ಬಿಳಿ ಪುಡಿ ಬರುತ್ತದೆ, ಸತು ಮುಗಿದ ಮೇಲೆ ಕೆಂಪು ತುಕ್ಕು ಶುರುವಾಗುತ್ತದೆ. ಅಗ್ಗವೆಂಬ ಕಾರಣಕ್ಕಷ್ಟೇ ಸತು ಬಳಸುತ್ತಾರೆಂದು ತಿಳಿಯಬೇಡಿ. ವಿದ್ಯುತ್ ರಸಾಯನದ ಸಾಲಿನಲ್ಲಿ ಸತುವೂ ಅಲ್ಯೂಮಿನಿಯಮ್ಮೂ ಅಕ್ಕಪಕ್ಕದ ಮನೆಯವು. ಹಾಗಾಗಿ ಸತುವಿನ ಬೋಲ್ಟು ಅಲ್ಯೂಮಿನಿಯಂ ಎಂಜಿನ್ ಕೇಸಿಗೆ ಕೇಡು ಮಾಡದು. ಈ ಗುಣ ಸ್ಟೇನ್‌ಲೆಸ್‌ಗೆ ಇಲ್ಲ.

ಸ್ಟೇನ್‌ಲೆಸ್‌ನ ಬಂಡವಾಳ ಕ್ರೋಮಿಯಂ. ಉಕ್ಕಿನಲ್ಲಿ ಅದು ಶೇಕಡಾ 10.5 ದಾಟಿದರೆ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಏಳುತ್ತದೆ. ಹಾಲಿನ ಕೆನೆಯಂತೆ, ತೆಗೆದಷ್ಟೂ ಮತ್ತೆ ಕಟ್ಟಿಕೊಳ್ಳುವ ಪದರ ಅದು. ಗಾಳಿಯ ಆಮ್ಲಜನಕವಿದ್ದರೆ ಸಾಕು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆಗೆ ಸವೆಯದ ಉಕ್ಕು ಹುಡುಕುತ್ತ ಕಂಡದ್ದು ಕ್ರೋಮಿಯಂ ಮಾತ್ರ ಬೆರೆತ, ಚಾಕು ಚೂರಿಗೆ ಒಗ್ಗುವ ಬಗೆ. ನಮ್ಮ ಬೋಲ್ಟುಗಳು ಇನ್ನೊಂದು ವಂಶದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಜರ್ಮನಿಯ ಕ್ರುಪ್ ಕಂಪನಿಯಲ್ಲಿ ನಿಕ್ಕೆಲನ್ನೂ ಬೆರೆಸಿ ತೆಗೆದ ವಂಶ ಅದು.

ಅಂಗಡಿಯಲ್ಲಿ ನೀವು ಕೇಳಬೇಕಾದ ಹೆಸರು ಎರಡು. ಎ2 ಎಂದರೆ 304 ದರ್ಜೆ: ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್. ಎ4 ಎಂದರೆ 316: ಅದರಲ್ಲಿ ಇನ್ನೂ ಎರಡು ಮೂರು ಪಾಲು ಮಾಲಿಬ್ಡಿನಂ ಇರುತ್ತದೆ, ಉಪ್ಪಿನ ಹೊಡೆತ ತಡೆಯುವುದು ಅದೇ. ಮೈಸೂರು, ಹಾಸನ, ಹುಬ್ಬಳ್ಳಿಯವರಿಗೆ ಎ2 ಧಾರಾಳ ಸಾಕು. ಕಾರವಾರದಿಂದ ಉಳ್ಳಾಲದವರೆಗಿನವರು ನಾಲ್ಕು ಕಾಸು ಹೆಚ್ಚು ಕೊಟ್ಟು ಎ4 ಕೊಳ್ಳುವುದು ಮೇಲು, ಇಲ್ಲವಾದರೆ ಸ್ಟೇನ್‌ಲೆಸ್ ಮೇಲೂ ಚಹಾ ಚೆಲ್ಲಿದ ಬಣ್ಣದ ಕಲೆ ಏಳುತ್ತದೆ.

ಮೋಸ ನಡೆಯುವುದೂ ಇಲ್ಲೇ. ನಿಕ್ಕೆಲ್ ದುಬಾರಿ, ಹಾಗಾಗಿ ಅದರ ಒಂದಷ್ಟು ಜಾಗಕ್ಕೆ ಮ್ಯಾಂಗನೀಸ್ ಹಾಕಿದ 202 ದರ್ಜೆಯೂ ನಮ್ಮ ಮಾರುಕಟ್ಟೆಯಲ್ಲಿ ‘ಎಸ್‌ಎಸ್’ ಹೆಸರಲ್ಲೇ ಓಡಾಡುತ್ತದೆ. ಅಯಸ್ಕಾಂತ ಹಿಡಿದು ನೋಡುವ ಜಾಣತನ ಅದರ ಮುಂದೆ ನಡೆಯದು. 304ರಂತೆ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ತಣ್ಣಗೆ ಒತ್ತಿ ತಲೆ ಮಾಡಿದ ಅಸಲಿ 304 ಬೋಲ್ಟು ಒಮ್ಮೊಮ್ಮೆ ಸ್ವಲ್ಪ ಅಂಟುವುದೂ ಇದೆ! ನೋಡಬೇಕಾದ್ದು ತಲೆಯ ಮೇಲಿನ ಅಚ್ಚು. ಎ2-70 ಅಥವಾ ಎ4-80 ಎಂಬ ಗುರುತು, ಜೊತೆಗೆ ತಯಾರಕರ ಮುದ್ರೆ ಇರಬೇಕು. ಬೋಳುತಲೆಯ ಬೋಲ್ಟನ್ನು ಎಂಜಿನ್ನಿಗೆ ಹಾಕಬೇಡಿ.

ಆ 70 ಎಂಬ ಅಂಕಿಯಲ್ಲೇ ಸ್ಟೇನ್‌ಲೆಸ್‌ನ ಮಿತಿ ಅಡಗಿದೆ. ಎ2-70 ತುಂಡಾಗುವುದು 700 ಮೆಗಾಪ್ಯಾಸ್ಕಲ್ ಎಳೆತಕ್ಕೆ, ಆದರೆ 450ಕ್ಕೇ ಮತ್ತೆ ಕುಗ್ಗದಷ್ಟು ಹಿಗ್ಗಿಬಿಡುತ್ತದೆ. ಕಾರ್ಖಾನೆಯ 8.8 ಗುರುತಿನ ಉಕ್ಕಿನ ಬೋಲ್ಟು ತುಂಡಾಗುವುದು 800ಕ್ಕೆ, ಹಿಗ್ಗುವುದು 640ಕ್ಕೆ. 10.9ರದಂತೂ 900ರ ಆಚೆಗಿನ ಮಾತು. ತುಂಡಾಗುವ ಅಂಕಿಗಳಲ್ಲಿ ಅಂತರ ಸಣ್ಣದೆನಿಸಬಹುದು, ಹಿಗ್ಗುವ ಅಂಕಿಗಳ ಅಂತರ ಸಣ್ಣದಲ್ಲ. ಬೋಲ್ಟು ಹಿಗ್ಗಿತೆಂದರೆ ಬಿಗಿ ಹೋಯಿತು, ಬಿಗಿ ಹೋದಲ್ಲಿ ಅಲುಗಾಟ, ಅಲುಗಾಡಿದ್ದು ಒಂದು ದಿನ ಮುರಿಯುತ್ತದೆ.

ಆದ್ದರಿಂದ ಕೆಲವು ಜಾಗಗಳನ್ನು ಮುಟ್ಟಲೇಬಾರದು: ಬ್ರೇಕ್ ಕ್ಯಾಲಿಪರ್, ಡಿಸ್ಕ್, ಸ್ಪ್ರಾಕೆಟ್, ಚಕ್ರದ ಆಕ್ಸಲ್, ಫೋರ್ಕು ಹಿಡಿಯುವ ಕ್ಲ್ಯಾಂಪು, ಹ್ಯಾಂಡಲ್ ಕ್ಲ್ಯಾಂಪು, ಎಂಜಿನ್ ಮೌಂಟಿಂಗು, ಸ್ವಿಂಗ್ ಆರ್ಮ್. ಇಲ್ಲಿ ತುಕ್ಕು ಕಂಡರೆ ಕಂಪನಿಯ ಹೊಸ ಬೋಲ್ಟನ್ನೇ ತಂದು ಹಾಕಿ, ತಲೆಗೆ ತೆಳ್ಳಗೆ ಮೇಣವೋ ಗ್ರೀಸೋ ಸವರಿ. ಬ್ರೇಕಿನ ಹತ್ತಿರ ಮಾತ್ರ ಡಿಸ್ಕಿಗೂ ಪ್ಯಾಡಿಗೂ ಅದು ತಾಗದಂತೆ ನೋಡಿಕೊಳ್ಳಿ. ಕ್ಯಾಲಿಪರಿನಲ್ಲಿ ಫಳಫಳ ಹೊಳೆಯುವ ಹೆಸರಿಲ್ಲದ ಬೋಲ್ಟು ಕಂಡರೆ ಆ ಬೈಕಿನ ಹಿಂದಿನ ಸೀಟಿನಲ್ಲಿ ನಾನು ಕೂರುವುದಿಲ್ಲ.

ಉಳಿದ ಕಡೆ ಮೈದಾನ ವಿಶಾಲ. ನಂಬರ್ ಪ್ಲೇಟ್, ಮಡ್‌ಗಾರ್ಡ್, ಸೈಡ್ ಪ್ಯಾನೆಲ್, ಸೈಲೆನ್ಸರಿನ ಹೊದಿಕೆ, ಹಾರ್ನು, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಎಲ್ಲಕ್ಕೂ ನಿಶ್ಚಿಂತೆಯಿಂದ ಹಾಕಬಹುದು. ಎಂಜಿನ್ನಿನ ಪಕ್ಕದ ಮುಚ್ಚಳಗಳಿಗೂ ಅಡ್ಡಿಯಿಲ್ಲ. ಅಲ್ಲಿ ದುರ್ಬಲ ಭಾಗ ಅಲ್ಯೂಮಿನಿಯಂ ಥ್ರೆಡ್ಡು. ಬೋಲ್ಟು ಎಷ್ಟೇ ಗಟ್ಟಿಯಿದ್ದರೂ ಮೊದಲು ಸೋಲುವುದು ಅದೇ, ಹಾಗಾಗಿ ಎ2-70ರ ಶಕ್ತಿ ಸಾಲುತ್ತದೆ. ಬಿಸಿಗೆ ಹಿಗ್ಗುವುದರಲ್ಲೂ ಸ್ಟೇನ್‌ಲೆಸ್ಸು ಸಾಮಾನ್ಯ ಉಕ್ಕಿಗಿಂತ ಅಲ್ಯೂಮಿನಿಯಮ್ಮಿಗೆ ಹತ್ತಿರ. ಸೈಲೆನ್ಸರು ಎಂಜಿನ್ನಿಗೆ ಕೂಡುವ ಜಾಗದಲ್ಲಿ ಮಾತ್ರ ನನ್ನ ಮತ ಹಳಬರ ಕಡೆಗೆ: ಉಕ್ಕಿನ ಸ್ಟಡ್ಡಿಗೆ ಹಿತ್ತಾಳೆಯ ನಟ್ಟು. ಎಷ್ಟೇ ಬೆಂದರೂ ಅದು ಕಚ್ಚಿಕೊಳ್ಳುವುದು ಕಡಿಮೆ.

ಇನ್ನು ಎಸ್‌ಎಸ್ ಭಕ್ತರು ಕೇಳಲು ಇಷ್ಟಪಡದ ಮಾತು. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪುನೀರು ಸೇರಿತೆಂದರೆ ಪುಟ್ಟದೊಂದು ಬ್ಯಾಟರಿ ತಯಾರಾಗುತ್ತದೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಬೋಲ್ಟು ಚಿಕ್ಕದು, ಕೇಸು ದೊಡ್ಡದು, ಹಾಗಾಗಿ ಇಡೀ ಕೇಸೇನೂ ತೂತಾಗುವುದಿಲ್ಲ. ಆದರೆ ಥ್ರೆಡ್ಡಿನ ಸಂದಿಯಲ್ಲಿ ಏಳುವ ಬಿಳಿ ಆಕ್ಸೈಡ್ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಬೋಲ್ಟನ್ನು ಹಿಡಿದುಕೊಳ್ಳುತ್ತದೆ. ಹೊರಗೆ ಮಿಂಚುವ ತಲೆ, ಒಳಗೆ ಸಿಮೆಂಟು! ಎಂಜಿನ್ ಮುಚ್ಚಳ ಮೆಗ್ನೀಷಿಯಮ್ಮಿನದಾಗಿದ್ದರೆ ಕಥೆ ಇನ್ನೂ ಕೆಟ್ಟದು, ಅಲ್ಲಿ ಬರಿಯ ಸ್ಟೇನ್‌ಲೆಸ್ ಹಾಕುವ ಯೋಚನೆಯನ್ನೇ ಬಿಡಿ.

ಸ್ಟೇನ್‌ಲೆಸ್ ನಟ್ಟಿಗೆ ಸ್ಟೇನ್‌ಲೆಸ್ ಬೋಲ್ಟನ್ನೇ ಜೋಡಿಸಿದಾಗ ಮತ್ತೊಂದು ಕಾಟ. ಉಜ್ಜಾಟಕ್ಕೆ ಎರಡರ ಆಕ್ಸೈಡ್ ಪದರವೂ ಹರಿದು ಲೋಹಕ್ಕೆ ಲೋಹ ಬೆಸೆದುಕೊಳ್ಳುತ್ತದೆ. ಪವರ್ ಗನ್ನಿನಲ್ಲಿ ಗಿರ್ರನೆ ತಿರುಗಿಸಿದರೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಆಮೇಲೆ ಮುಂದಕ್ಕೂ ಹೋಗದು ಹಿಂದಕ್ಕೂ ಬಾರದು, ಗರಗಸವೇ ಗತಿ. ಬಿಗಿಯುವ ಕೆಲಸ ಕೈಯಲ್ಲೇ, ನಿಧಾನವಾಗಿ ಆಗಬೇಕು.

ಎರಡು ರೋಗಕ್ಕೂ ಔಷಧ ಒಂದೇ, ಆಂಟಿ-ಸೀಜ್ ಪೇಸ್ಟು. ಅಲ್ಯೂಮಿನಿಯಂ ಇರುವಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತಾಮ್ರದ್ದಕ್ಕಿಂತ ನಿಕ್ಕೆಲ್ ಬೆರೆತದ್ದು ವಾಸಿ. ಏನೂ ಸಿಗದಿದ್ದರೆ ನೀರಿಗೆ ಕರಗದ ಒಳ್ಳೆಯ ಗ್ರೀಸಾದರೂ ಸರಿ. ಪೇಸ್ಟು ಹಚ್ಚಿದ ಮೇಲೆ ಪುಸ್ತಕದಲ್ಲಿರುವ ಟಾರ್ಕಿಗೇ ಬಿಗಿಯಬೇಡಿ. ಜಾರುವ ಥ್ರೆಡ್ಡಿನಲ್ಲಿ ಅದೇ ಬಲಕ್ಕೆ ಹೆಚ್ಚು ಎಳೆತ ಬೀಳುತ್ತದೆ. ಮುಚ್ಚಳದ ಎಂ6 ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು ಹೇಳಿರುತ್ತಾರೆ. ಅದರಲ್ಲಿ ಐದನೆಯ ಒಂದು ಭಾಗ ಇಳಿಸಿ.

ತಲೆಯ ಆಯ್ಕೆಯಲ್ಲಿ ರುಚಿ ಗೊತ್ತಾಗುತ್ತದೆ. ದುಂಡುತಲೆಯ ಬಟನ್ ಬೋಲ್ಟು ನೋಡಲು ಚೆಂದ, ಆದರೆ ಎಂ6ರಲ್ಲಿ ಅದಕ್ಕೆ ಹೊಂದುವುದು 4 ಮಿಲಿಮೀಟರಿನ ಅಲೆನ್ ಕೀ. ಒಮ್ಮೆ ಬಲವಾಗಿ ತಿರುಗಿಸಿದರೆ ಒಳಮೂಲೆಗಳು ಸವೆದುಹೋಗುತ್ತವೆ. ಸಿಲಿಂಡರಿನಂಥ ತಲೆಯದಕ್ಕೆ 5ರ ಕೀ, ಅದು ವಾಸಿ. ಆದರೆ ಅದರ ಗುಳಿಯಲ್ಲಿ ಕೆಸರು ನಿಂತು ಒಣಗುತ್ತದೆ. ನನ್ನ ಮೆಚ್ಚಿನದು ಆರುಮೂಲೆಯ ಫ್ಲೇಂಜ್ ತಲೆ. ಸಕಲೇಶಪುರದ ಘಾಟಿಯಲ್ಲಿ ಬೈಕು ನಿಂತರೆ ಹತ್ತಿರದ ಮೆಕ್ಯಾನಿಕನ ಬಳಿ ಅಲೆನ್ ಕೀ ಇರದೆ ಹೋಗಬಹುದು, ಸ್ಪ್ಯಾನರ್ ಇದ್ದೇ ಇರುತ್ತದೆ. ಒಂದು ಎಚ್ಚರ: ಜಪಾನಿ ಮೂಲದ ಬೈಕುಗಳಲ್ಲಿ ಎಂ8 ಬೋಲ್ಟಿನ ತಲೆಗೆ 12ರ ಸ್ಪ್ಯಾನರ್, ಅಂಗಡಿಯ ಎಂ8ಕ್ಕೆ 13ರದು. ಬೋಲ್ಟು ಬದಲಿಸಿದರೆ ಸೀಟಿನಡಿಯ ಟೂಲ್ ಕಿಟ್ಟಿಗೂ 13ರ ಸ್ಪ್ಯಾನರ್ ಸೇರಿಸಿ. ಎಂ10ರಲ್ಲಿ ಥ್ರೆಡ್ಡಿನ ಅಂತರವೇ ಬೇರೆ: ಬೈಕಿನದು ಬಹುತೇಕ 1.25, ಅಂಗಡಿಯ ಸಾಮಾನ್ಯ ಮಾಲು 1.5. ಹಳೆಯ ಬೀಡುಕಬ್ಬಿಣದ ಎಂಜಿನ್ನಿನ ಬುಲೆಟ್ಟಿನಲ್ಲಂತೂ ಅಂಗುಲದ ಲೆಕ್ಕದ ಬ್ರಿಟಿಷ್ ಥ್ರೆಡ್ಡುಗಳಿವೆ, ಅವುಗಳ ತೂತಿಗೆ ಮೆಟ್ರಿಕ್ ಬೋಲ್ಟು ತುರುಕಿದರೆ ಕೇಸು ಕೆಟ್ಟಿತು.

ಕೆಲಸದ ಕ್ರಮ ಹೀಗಿರಲಿ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮರುದಿನ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ, ಆಮೇಲೆ ಬಿಚ್ಚಿ. ಪ್ಲಸ್ ತಲೆಯ ಸ್ಕ್ರೂ ಜಗ್ಗದಿದ್ದರೆ ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಮುಚ್ಚಳದ ಬೋಲ್ಟುಗಳನ್ನೆಲ್ಲ ಒಟ್ಟಿಗೆ ಬಿಚ್ಚಬಾರದು. ಒಂದು ತೆಗೆದು, ತೂತಿನ ಥ್ರೆಡ್ ಚೊಕ್ಕ ಮಾಡಿ, ಪೇಸ್ಟು ಸವರಿದ ಹೊಸದನ್ನು ಕೂರಿಸಿ, ನಂತರ ಮುಂದಿನದು. ಆಗ ಪ್ಯಾಕಿಂಗು ಕದಲುವುದಿಲ್ಲ. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ: ಉದ್ದ ಹೆಚ್ಚಾದರೆ ತಳಕ್ಕೆ ತಗುಲಿ ಕೇಸು ಬಿರಿಯುತ್ತದೆ, ಕಡಿಮೆಯಾದರೆ ಎರಡೇ ಸುತ್ತಿನ ಥ್ರೆಡ್ಡು ಭಾರವೆಲ್ಲ ಹೊತ್ತು ಕಿತ್ತುಬರುತ್ತದೆ. ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು ಹಳೆಯ ಬೋಲ್ಟುಗಳನ್ನು ಅವವುಗಳ ಜಾಗದಲ್ಲಿ ಚುಚ್ಚಿಡುವ ಮೆಕ್ಯಾನಿಕರ ಪದ್ಧತಿಗಿಂತ ಒಳ್ಳೆಯದು ಇನ್ನೂ ಹುಟ್ಟಿಲ್ಲ. ಕೊನೆಗೊಂದು ಮಾತು: ಸ್ಟೇನ್‌ಲೆಸ್ಸನ್ನು ಕಬ್ಬಿಣದ ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ. ಬ್ರಷ್ಷಿನ ಕಬ್ಬಿಣದ ಕಣಗಳು ಅಂಟಿಕೊಂಡು ತುಕ್ಕು ಹಿಡಿಯುತ್ತವೆ, ಹೆಸರು ಮಾತ್ರ ಸ್ಟೇನ್‌ಲೆಸ್‌ಗೆ ಕೆಡುತ್ತದೆ.

ಹಳೆಯ ಗಾಡಿಯ ಪ್ರಿಯರ ವಾದ ಬೇರೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನಕ್ಕೆಂದು ಸಾಲಾಗಿ ನಿಂತಾಗ ಹೋಗಿ ನೋಡಿ. ಬಲ್ಲವರ ಕಣ್ಣು ಟ್ಯಾಂಕು ದಾಟಿ ನೇರ ಸ್ಕ್ರೂಗಳಿಗೆ ಇಳಿಯುತ್ತದೆ. ಸತುವಿನ ಮಂಕು ಬೂದುಬಣ್ಣವೇ ಆ ಗಾಡಿಗೆ ಒಪ್ಪುವಂಥದ್ದು. ಅಲ್ಲಿ ಕನ್ನಡಿಯಂತೆ ಮಿಂಚುವ ಅಲೆನ್ ಬೋಲ್ಟು ಕಂಡರೆ ಮುಖ ಗಂಟಾಗುತ್ತದೆ. ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಪ್ರದರ್ಶನದ ಗಾಡಿಗೆ ಹಳೆಯ ಬೋಲ್ಟುಗಳನ್ನೇ ಮತ್ತೆ ಸತು ಹಾಕಿಸಿ ಕೂರಿಸುವುದು ಸರಿಯಾದ ದಾರಿ. ದಿನವೂ ಮಳೆಯಲ್ಲಿ ಓಡುವ ಗಾಡಿಗೆ ಆ ವ್ರತ ಬೇಕಿಲ್ಲ.

ನನ್ನ ತೀರ್ಪು ಇಷ್ಟು: ಮೇಲ್ಮೈಯ ಬೋಲ್ಟುಗಳಿಗೆ ಗುರುತಿರುವ ಎ2, ಕರಾವಳಿಯಾದರೆ ಎ4; ಜೀವ ಹೊರುವ ಬೋಲ್ಟುಗಳಿಗೆ ಕಾರ್ಖಾನೆಯದೇ ಉಕ್ಕು; ಸ್ಟೇನ್‌ಲೆಸ್ ಕೂರುವ ಪ್ರತಿ ಥ್ರೆಡ್ಡಿಗೂ ಪೇಸ್ಟು. ಕೈಯಲ್ಲಿ ದುಡ್ಡು ಕಡಿಮೆಯಿದ್ದು ಇವುಗಳಲ್ಲಿ ಒಂದನ್ನೇ ಮಾಡುವುದಾದರೆ ಪೇಸ್ಟಿನ ಡಬ್ಬಿ ಕೊಳ್ಳಿ. ಹಚ್ಚಿ ಕೂರಿಸಿದ ಸತುವಿನ ಬೋಲ್ಟು, ಒಣಗಾಗಿ ಬಿಗಿದ ಸ್ಟೇನ್‌ಲೆಸ್ ಬೋಲ್ಟಿಗಿಂತ ಸುಲಭವಾಗಿ ಬಿಚ್ಚುತ್ತದೆ.