ಎರಡು ಸೂರ್ಯರ ಕಲ್ಲು

ಶ್ರೀನಗರದ ಹತ್ತಿರದ ಬುರ್ಜಹೋಮ್‌ನಲ್ಲಿ 1960ರ ದಶಕದ ಉತ್ಖನನದಲ್ಲಿ ಸಿಕ್ಕ ಚಪ್ಪಡಿಯೊಂದರ ಮೇಲೆ ಬೇಟೆಯ ಚಿತ್ರವಿದೆ. ಬಿಲ್ಲು ಎಳೆದವನೊಬ್ಬ, ಈಟಿ ಹಿಡಿದವನೊಬ್ಬ, ಒಂದು ಸಾರಂಗ, ಒಂದು ನಾಯಿ. ಮೇಲೆ ಎರಡು ಸೂರ್ಯ. ತಕರಾರೆಲ್ಲ ಈ ಎರಡನೆಯ ಸೂರ್ಯನದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ಅದನ್ನು ಸಿಡಿದ ನಕ್ಷತ್ರವೆಂದು ಓದಿದರು. ಇಂದು ಎಚ್‌ಬಿ9 ಎಂಬ ಅವಶೇಷವಾಗಿ ಉಳಿದಿರುವ ಸೂಪರ್‌ನೋವಾ ಅದು ಎಂಬುದು ಅವರ ವಾದ. ಅಷ್ಟಾದ ಮೇಲೆ ಚಿತ್ರದಲ್ಲಿದ್ದವರೆಲ್ಲ ಆಕಾಶ ಹತ್ತಿದರು: ಬಿಲ್ಲುಗಾರ ಮಹಾವ್ಯಾಧ, ಅಂದರೆ ಓರಿಯನ್ ಆದ, ಸಾರಂಗ ವೃಷಭ ರಾಶಿಯಾಯಿತು.

ಓದು ಚೆಲುವಾಗಿದೆ. ಎರಡು ಸೂರ್ಯರು ಯಾಕೆ ಎಂಬ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದ್ದೇ ಅದರ ದೊಡ್ಡ ಗುಣ. ಆದರೆ ಚಪ್ಪಡಿಯ ಮೇಲೆ ಒಂದು ಚುಕ್ಕಿಯೂ ಇಲ್ಲ. ಇರುವುದು ಆಕೃತಿಗಳು ಮಾತ್ರ. ನಕ್ಷತ್ರಗಳನ್ನು ಒಳಗೆ ಕೂರಿಸಿದವರು ನಾವು. ಅದೂ ಯಾವ ಪುಂಜಗಳು? ಬೇಟೆಗಾರನಾದ ಓರಿಯನ್ ಗ್ರೀಕರವನು. ನಮ್ಮ ಪರಂಪರೆಯಲ್ಲಿ ಅದೇ ನಕ್ಷತ್ರಗಳ ಗುಂಪು ಮೃಗಶಿರ, ಅಂದರೆ ಬಾಣ ತಿಂದ ಜಿಂಕೆ. ಬೇಡನಾದ ಲುಬ್ಧಕ ಎಂಬ ತಾರೆ ಕೆಳಗೆ ಬೇರೆಯೇ ನಿಂತಿದೆ. ಈ ಲೆಕ್ಕ ಹಿಡಿದರೆ ಬುರ್ಜಹೋಮ್‌ನ ಬಿಲ್ಲುಗಾರನೂ ಸಾರಂಗವೂ ಜಾಗ ಬದಲಿಸಬೇಕಾಗುತ್ತದೆ. ನವಶಿಲಾಯುಗದ ಕಾಶ್ಮೀರಿಗಳು ಈ ಎರಡು ಕಥೆಗಳಲ್ಲಿ ಯಾವುದನ್ನೂ ಕೇಳಿರಲಿಕ್ಕಿಲ್ಲ. ಕಾಲವೂ ಜಗ್ಗಾಡುತ್ತದೆ. ಸ್ಫೋಟಕ್ಕೆ ವಾಹಿಯಾ ತಂಡ ಕೊಡುವುದು ಕ್ರಿ.ಪೂ. 4600ರ ಆಸುಪಾಸು, ಆ ನೆಲೆಯ ಆರಂಭವನ್ನು ಸಾಮಾನ್ಯವಾಗಿ ಕ್ರಿ.ಪೂ. 3000ದ ಸುಮಾರಿಗೆ ಇಡುತ್ತಾರೆ. ನಡುವಿನ ಸುಮಾರು ಸಾವಿರದ ಆರುನೂರು ವರ್ಷವನ್ನು ಜನರ ನೆನಪಿನ ಮೇಲೆ ಹೊರಿಸುವುದು ಸುಲಭದ ಮಾತಲ್ಲ.

ನಮ್ಮ ರಾಯಚೂರು ಸೀಮೆಗೆ ಹೊಂದಿಕೊಂಡಿರುವ ತೆಲಂಗಾಣದ ಮುಡುಮಾಲದಲ್ಲಿ, ಕೃಷ್ಣಾ ದಂಡೆಯ ನಿಲುಗಲ್ಲುಗಳ ನಡುವೆ, ಇದಕ್ಕಿಂತ ಗಟ್ಟಿಯಾದ ಪ್ರಕರಣವಿದೆ. ಅಲ್ಲಿಯ ಒಂದು ಕಲ್ಲಿನ ಮೇಲಿನ ಬಟ್ಟಲುಕುಳಿಗಳಲ್ಲಿ ಪುರಾತತ್ವಜ್ಞ ಕೆ.ಪಿ. ರಾವ್ ಸಪ್ತರ್ಷಿಮಂಡಲವನ್ನು ಗುರುತಿಸಿದ್ದಾರೆ. ಚುಕ್ಕಿಗೆ ಚುಕ್ಕಿ ಹೋಲಿಸಿ ನೋಡಬಹುದಾದ್ದರಿಂದ ಈ ವಾದವನ್ನು ಅಳೆಯಲು ಸಾಧ್ಯ. ಅಲ್ಲಿಯ ಕಲ್ಲುಸಾಲುಗಳು ಅಯನ ಸಂಕ್ರಾಂತಿಯ ಸೂರ್ಯನತ್ತ ಮುಖಮಾಡಿವೆ ಎಂಬ ಪ್ರತ್ಯೇಕ ವಾದವೂ ಇದಕ್ಕೆ ಬೆಂಬಲ ಕೊಡುತ್ತದೆ. ನನಗೆ ಒಪ್ಪಿಗೆಯಾಗದ್ದು ಆ ಕುಳಿಗಳು ಧ್ರುವನಕ್ಷತ್ರವನ್ನು ತೋರುತ್ತವೆ ಎಂಬ ಮಾತು. ಭೂಮಿಯ ಅಕ್ಷ ಬುಗುರಿಯಂತೆ ತೂಗುತ್ತದೆ. ಈ ಕುಳಿಗಳ ಕಾಲಕ್ಕೆ, ಅಂದರೆ ಸುಮಾರು ಮೂರು ಸಾವಿರ ವರ್ಷ ಹಿಂದೆ, ಇಂದಿನ ಧ್ರುವತಾರೆ ಉತ್ತರ ಧ್ರುವದಿಂದ 15 ಡಿಗ್ರಿಗೂ ಹೆಚ್ಚು ದೂರವಿತ್ತು. ಕುಳಿ ಕೊರೆದವರಿಗೆ ಅದು ದಿಕ್ಕು ತೋರುವ ತಾರೆಯಾಗಿರಲಿಲ್ಲ, ರಾತ್ರಿಯಿಡೀ ಸುತ್ತುವ ಇನ್ನೊಂದು ಚುಕ್ಕಿಯಾಗಿತ್ತು.

ಹಾಗೆಂದು ಸಪ್ತರ್ಷಿಯ ಹೋಲಿಕೆಯನ್ನೇ ತಳ್ಳಿಹಾಕಬೇಕಿಲ್ಲ. ಆ ಕಲ್ಲಿನಲ್ಲಿ ಪುಂಜಕ್ಕೆ ಸೇರದ ಕುಳಿಗಳೂ ಇವೆ. ಅವನ್ನೂ ಲೆಕ್ಕಕ್ಕೆ ತಂದು, ಹಾಗೇ ಸುಮ್ಮನೆ ಚೆಲ್ಲಿದ ಅಷ್ಟೇ ಚುಕ್ಕಿಗಳಲ್ಲಿ ಏಳು ಹೀಗೆ ಒದಗುವ ಸಂಭವ ಎಷ್ಟೆಂದು ಮೊದಲು ತೋರಿಸಲಿ.