ಇರ್ವಿನ್ ಜಾಕೆಟ್‌ನ ಬೆನ್ನು

ಹಳೆಯ ಸೇನಾ ಉಡುಪು ಕೂಡಿಡುವವರ ಕೈಗೆ ಬ್ರಿಟನ್‌ನ ವಿಮಾನಯೋಧರು ತೊಡುತ್ತಿದ್ದ ಅಸಲಿ ಇರ್ವಿನ್ ಜಾಕೆಟ್ ಸಿಕ್ಕರೆ, ಅದನ್ನು ತಿರುಗಿಸಿ ಬೆನ್ನಿನ ಹೊಲಿಗೆ ನೋಡುತ್ತಾರೆ. ಎರಡನೇ ಮಹಾಯುದ್ಧದ ಆರಂಭದ ಜಾಕೆಟ್‌ಗಳಲ್ಲಿ ಕುರಿಚರ್ಮದ ಅಗಲವಾದ ತುಂಡುಗಳಿವೆ. ಬೇಡಿಕೆ ಏರಿದಂತೆ ಒಂದಿಷ್ಟೂ ಚರ್ಮ ಪೋಲಾಗಬಾರದೆಂದು ಸಣ್ಣ ತುಂಡುಗಳನ್ನೂ ಜೋಡಿಸಿ ಹೊಲಿದರು. ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಮೊದಲಿನವಕ್ಕೆ. ನನಗೆ ಮಾತ್ರ ಈ ತುಂಡು ಕೂಡಿಸಿದ ಬೆನ್ನುಗಳ ಮೇಲೇ ಪ್ರೀತಿ. ಯುದ್ಧಕಾಲದ ಅಭಾವ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಪ್ಯಾರಾಚೂಟ್ ಜಿಗಿತಕ್ಕೆ ಹೆಸರಾದ ಅಮೆರಿಕದ ಲೆಸ್ಲಿ ಇರ್ವಿನ್ 1926ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ಕಾರ್ಖಾನೆ ತೆರೆದ. ಈ ಜಾಕೆಟ್ ಬಂದದ್ದು 1930ರ ದಶಕದಲ್ಲಿ. ಉಣ್ಣೆ ಒಳಮೈಗೆ, ಚರ್ಮ ಹೊರಮೈಗೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಬಿಸಿಯನ್ನು ಹಿಡಿದಿಡುತ್ತದೆ, ಚರ್ಮ ಹೊರಗಿನ ಗಾಳಿಯನ್ನು ತಡೆಯುತ್ತದೆ. ಮೇಲೆತ್ತಿದರೆ ಕಿವಿ ಮುಚ್ಚುವ ಕಾಲರ್, ಸೊಂಟಕ್ಕೊಂದು ಬೆಲ್ಟ್. ತೋಳಿಗೆ ಮುಂಗೈಯಿಂದ ಮೇಲಕ್ಕೆ ಉದ್ದನೆಯ ಜಿಪ್: ದಪ್ಪ ಕೈಗವಸು ಹಾಕಿಕೊಂಡು ಅದರ ಮೇಲೆ ತೋಳನ್ನು ಬಿಗಿಯಾಗಿ ಮುಚ್ಚಬಹುದು. ಎಷ್ಟು ಯೋಚಿಸಿ ಮಾಡಿದ ಕೆಲಸ!

ಬಾಂಬರ್ ವಿಮಾನದ ಬಾಲದಲ್ಲಿ ಕೂರುವ ಬಂದೂಕುಧಾರಿಗೆ ಇಷ್ಟೂ ಸಾಲುತ್ತಿರಲಿಲ್ಲ. ಅಲ್ಲಿ ಚಳಿ ಮೈನಸ್ 40 ಡಿಗ್ರಿಗೂ ಇಳಿಯುತ್ತಿತ್ತು. ಕತ್ತಲಲ್ಲಿ ಸ್ಪಷ್ಟವಾಗಿ ಕಾಣಲೆಂದು ಎಷ್ಟೋ ಮಂದಿ ಎದುರಿನ ಪಾರದರ್ಶಕ ಹಾಳೆಯನ್ನೇ ತೆಗೆಸಿಬಿಡುತ್ತಿದ್ದರು. ಅಂಥವರಿಗೆ ವಿದ್ಯುತ್ ತಂತಿ ಹೊಲಿದ, ಬಿಸಿಯಾಗುವ ಉಡುಪು ಬೇಕಾಯಿತು.

ಸವೆದ ಜಿಪ್ ಕಿತ್ತು ಹೊಸದು ಹಾಕಿಸುವ ಸಂಗ್ರಾಹಕರಿದ್ದಾರೆ. ದಯವಿಟ್ಟು ಬೇಡ. ಜಾಕೆಟ್‌ನ ಕಾಲ ಗುರುತಿಸಲು ಜಿಪ್ಪಿನ ಮೇಲಿನ ತಯಾರಕರ ಮುದ್ರೆಯೂ ಬೇಕು.